ಜರ್ಮನಿಯ ತುರ್ಕಿ ವಲಸಿಗರಿಗೆ: ಕಾಯಂ ವಾಸದ ಪರವಾನಗಿಯೋ, ಪೌರತ್ವವೋ?

ಓಡಾಟದ ಸ್ವಾತಂತ್ರ್ಯವೇ ಮುಖ್ಯವಾದವರಿಗೆ ಜರ್ಮನ್ ಪೌರತ್ವವೇ ಮೇಲು. ಕಾಯಂ ವಾಸದ ಪರವಾನಗಿ ಮಾತ್ರ ಇರುವ ತುರ್ಕಿ ಪ್ರಜೆ ಇತರ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವೆ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳು) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಷ್ಟೇ ತಂಗಬಹುದು. ಲಂಡನ್ನಿನಲ್ಲಿ ನಡೆಯುವ ತಂಗಿಯ ಮದುವೆಗೂ ವೀಸಾ ಬೇಕು. ತುರ್ಕಿಯ ಅನತೋಲಿಯಾದ ಊರಿನಲ್ಲಿ ಹಾಸಿಗೆ ಹಿಡಿದ ತಾಯಿಯ ಆರೈಕೆಗೆಂದು ಹೋದವರು ಮುಂಚಿತ ಅನುಮತಿಯಿಲ್ಲದೆ ಆರು ತಿಂಗಳು ಮೀರಿ ಉಳಿದರೆ, ಸಾಮಾನ್ಯವಾಗಿ ಆ ಪರವಾನಗಿಯೇ ರದ್ದಾಗುತ್ತದೆ. ಇದು ನಿಷ್ಕರುಣೆಯ ನಿಯಮವೆಂದೇ ನನ್ನ ಅಭಿಪ್ರಾಯ.

ಪೌರತ್ವಕ್ಕೆ 255 ಯೂರೋ ಶುಲ್ಕವೂ ಭಾಷಾ ಪರೀಕ್ಷೆಯೂ ಇವೆ; ಊರಿಗೆ ಆಗಾಗ ಹೋಗಿ ಬೇಗ ಮರಳುವವರಿಗೆ ಪರವಾನಗಿಯೇ ಸಾಕು. 2024ರ ಜೂನ್ 27ರಿಂದ ತುರ್ಕಿ ಪೌರತ್ವವನ್ನು ಬಿಡಬೇಕಾಗಿಲ್ಲವಾದರೂ, ಅದನ್ನು ಉಳಿಸಿಕೊಂಡ ಯುವಕರಿಗೆ ತುರ್ಕಿಯ ಸೈನಿಕ ಸೇವೆಯ ಹೊಣೆಯೂ ಉಳಿಯುತ್ತದೆ. ಅದು ಬೇಡವಾದವರು ಅನುಮತಿ ಪಡೆದು ತುರ್ಕಿ ಪೌರತ್ವ ತ್ಯಜಿಸಿ, ಹಾಗೆ ತ್ಯಜಿಸಿದವರಿಗೆ ತುರ್ಕಿ ಕೊಡುವ ‘ಮಾವಿ ಕಾರ್ಟ್’ ಎಂಬ ಗುರುತಿನ ಚೀಟಿ ಪಡೆಯುವುದು ಸೂಕ್ತ. ಅದರಲ್ಲಿ ವಾಸ, ಉದ್ಯೋಗದ ಹಕ್ಕುಗಳಿದ್ದರೂ ಮತದಾನದ ಹಕ್ಕಿಲ್ಲ.