ಪ್ರಿಂಟ್ ಒತ್ತುವ ಮೊದಲು ಫಾಂಟ್ ನೋಡುವ ಅಂಗಡಿ

ದಾವಣಗೆರೆಯಲ್ಲಿ ಕನ್ನಡ ಪ್ರಬಂಧ ಪ್ರಿಂಟ್ ಹಾಕಿಸಬೇಕು ಅಂತ ಯಾರು ಕೇಳಿದರೂ ನಾನು ಹೇಳುವುದು ಹದಡಿ ರಸ್ತೆಯ ಒಂದು ಪುಟ್ಟ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಎರಡು ಕಪ್ಪು-ಬಿಳುಪು ಲೇಸರ್ ಪ್ರಿಂಟರ್, ಅಷ್ಟೇ. ಕಲರ್ ಬೇಕಾದರೆ ಬೇರೆ ಕಡೆ ಹೋಗಬೇಕು.

ಅಲ್ಲಿನ ಹುಡುಗ ಪೆನ್‌ಡ್ರೈವ್ ಹಾಕಿದ ಕೂಡಲೇ ಪ್ರಿಂಟ್ ಒತ್ತುವುದಿಲ್ಲ. ಪಿಡಿಎಫ್ ತೆರೆದು, ಪ್ರಾಪರ್ಟೀಸ್‌ಗೆ ಹೋಗಿ, ಫಾಂಟ್ ಪಟ್ಟಿ ನೋಡುತ್ತಾನೆ. ಪ್ರತಿ ಹೆಸರಿನ ಪಕ್ಕ ‘ಎಂಬೆಡೆಡ್’ ಅಂತ ಇರಬೇಕು, ಅಂದರೆ ಆ ಫಾಂಟ್ ಫೈಲಿನ ಒಳಗೇ ಸೇರಿರಬೇಕು. ವರ್ಡ್ ಫೈಲ್ ಕೊಟ್ಟರೆ, "ಮೇಡಂ, ಟೈಪ್ ಮಾಡಿದ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿಸ್ಕೊಂಡು ಬನ್ನಿ" ಅನ್ನುತ್ತಾನೆ. ಕೈಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವುದು ಸುಲಭ ಅಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಟೈಪ್ ಮಾಡಿಸುವುದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಆ ಫೈಲಿನ ಒಳಗಿರುವುದು ಇಂಗ್ಲಿಷ್, ಯುರೋಪಿನ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಧ್ಯಾಯಕ್ಕೆ ಅಧ್ಯಾಯವೇ ಗೋಜಲು. ಪ್ರಿಂಟರ್ ಆ ಗೋಜಲನ್ನೇ ನೀಟಾಗಿ ಅಚ್ಚು ಹಾಕಿ ಕೊಡುತ್ತದೆ, ಯಾಕೆಂದರೆ ತಪ್ಪಾಗಿದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಫೈಲ್ ಹಾಗೇ ಪ್ರಿಂಟರ್‌ಗೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹೋಗುವುದಿಲ್ಲ. ಮಧ್ಯದಲ್ಲಿ ಡ್ರೈವರ್ ಅನ್ನುವ ತಂತ್ರಾಂಶ ಅದನ್ನು ಆ ಮೆಷಿನ್ನಿನ ಭಾಷೆಗೆ ತಿರುಗಿಸುತ್ತದೆ. ದೊಡ್ಡ ಮೆಷಿನ್‌ಗಳಿಗೆ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಅನ್ನುವ ಭಾಷೆಯಲ್ಲಿ ‘ಇಲ್ಲಿ ಈ ಅಕ್ಷರ, ಅಲ್ಲಿ ಒಂದು ಗೆರೆ’ ಅಂತ ಹೇಳಿದರೆ ಸಾಕು, ಪುಟವನ್ನು ಅವೇ ಬಿಡಿಸಿಕೊಳ್ಳುತ್ತವೆ. ಕಡಿಮೆ ಬೆಲೆಯ ಎಷ್ಟೋ ಪ್ರಿಂಟರ್‌ಗಳಿಗೆ ಕಂಪ್ಯೂಟರೇ ಚುಕ್ಕೆ ಚುಕ್ಕೆ ಮಾಡಿ ಕಳಿಸಬೇಕು. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಅಂದರೆ ಒಂದು ಎ4 ಹಾಳೆಗೆ ಸುಮಾರು 3.5 ಕೋಟಿ ಚುಕ್ಕೆ! ಲೇಸರ್ ಪ್ರಿಂಟರ್ ಹಾಳೆ ಎಳೆದುಕೊಂಡ ಮೇಲೆ ಅರ್ಧದಲ್ಲಿ ನಿಂತು ಕಾಯುವ ಹಾಗಿಲ್ಲ. ಅದಕ್ಕೇ ಫೋಟೋ ಜಾಸ್ತಿ ಇರುವ ಪುಟ ಶುರುವಾಗುವ ಮುಂಚೆಯೇ ತಡ. ಆ ತಡ ತಡೆಯದೆ ಎಷ್ಟೋ ಕಡೆ ಮತ್ತೆ ಮತ್ತೆ ಪ್ರಿಂಟ್ ಒತ್ತುತ್ತಾರೆ. ಒತ್ತಿದ್ದೆಲ್ಲ ಸ್ಪೂಲರ್‌ನ, ಅಂದರೆ ಪ್ರಿಂಟ್‌ಗಳನ್ನು ಸರದಿಯಲ್ಲಿ ಇಟ್ಟುಕೊಳ್ಳುವ ತಂತ್ರಾಂಶದ, ಸಾಲಿನಲ್ಲಿ ಕೂರುತ್ತದೆ, ಆಮೇಲೆ ಒಂದೇ ಪುಟ ನಾಲ್ಕು ಸಲ ಬರುತ್ತದೆ. ದುಡ್ಡು ಯಾರದು? ವಿದ್ಯಾರ್ಥಿಯದು.

ಮೊನ್ನೆ ನನ್ನೆದುರೇ ಒಂದು ಹುಡುಗಿಯ ಫೈಲ್ ಸಾಲಿನಲ್ಲಿ ಸಿಕ್ಕಿಕೊಂಡಿತು. ಡಿಲೀಟ್ ಕೊಟ್ಟರೂ ‘ಡಿಲೀಟಿಂಗ್’ ಅಂತ ಕೂತೇ ಇತ್ತು. ಇವನು ಪ್ಲಗ್ ಕೀಳಲಿಲ್ಲ. ವಿಂಡೋಸ್‌ನ ಸರ್ವಿಸಸ್ ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿದ, ಅದರ ಫೋಲ್ಡರ್ ಖಾಲಿ ಮಾಡಿದ, ಮತ್ತೆ ಶುರು ಮಾಡಿದ. ಸಾಲು ಬಿಟ್ಟುಕೊಂಡಿತು. ಆದರೂ ಹಾಳೆ ಬರಲಿಲ್ಲ, ಪ್ರಿಂಟರ್‌ನ ಲೈಟ್ ಮಿಣುಕುತ್ತಲೇ ಇತ್ತು. ಫೈಲ್ ಸೆಟ್ ಆಗಿದ್ದದ್ದು ಲೆಟರ್ ಸೈಜಿಗೆ, ಟ್ರೇಯಲ್ಲಿದ್ದದ್ದು ಎ4. ಲೆಟರ್ ಹಾಳೆ ಎ4ಗಿಂತ 6 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಗಿಡ್ಡ. ಸುಮ್ನೆ ಕಂಟಿನ್ಯೂ ಒತ್ತಿದ್ದರೆ ಮಾರ್ಜಿನ್ ಕೆಟ್ಟು, ಬೈಂಡಿಂಗ್‌ನಲ್ಲಿ ಅಕ್ಷರ ಒಳಗೆ ಹೋಗುತ್ತಿತ್ತು. ಅವನು ಸೈಜ್ ಬದಲಿಸಿ, ಮೊದಲು ಒಂದೇ ಪುಟ ತೆಗೆದು ಅವಳ ಕೈಗೆ ಕೊಟ್ಟ. "ನೋಡ್ಕೊಳ್ಳಮ್ಮ, ಸರಿ ಇದ್ರೆ ಉಳಿದಿದ್ದು ಹಾಕ್ತೀನಿ."

ಇಷ್ಟು ಕಾಳಜಿ ನನಗೆ ಬೇರೆ ಕಡೆ ಸಿಕ್ಕಿಲ್ಲ. ಪುಟಕ್ಕೆ 2 ರೂಪಾಯಿ, ಎರಡೂ ಬದಿ ಹಾಕಿಸಿದರೆ ಸ್ವಲ್ಪ ಕಡಿಮೆ. ಸ್ಪೈರಲ್ ಬೈಂಡಿಂಗ್ ಪರವಾಗಿಲ್ಲ, ಗಟ್ಟಿ ರಟ್ಟಿನದು ಇಲ್ಲಿ ಮಾಡುವುದಿಲ್ಲ. ಪ್ರಾಜೆಕ್ಟ್ ಕೊಡುವ ದಿನಗಳಲ್ಲಿ ಸಂಜೆ ನಿಲ್ಲಲೂ ಜಾಗ ಇರುವುದಿಲ್ಲ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.