ಬೆಳ್ಳಿ ನಾಣ್ಯ: ರಾಯಚೂರಿನಲ್ಲಿ ಕೂತು ಐದು ದಾರಿ ಹಿಡಿದು ನೋಡಿದೆ

2025ರಲ್ಲಿ ಧನ್‌ತೇರಸ್ ಅಕ್ಟೋಬರ್ 18ಕ್ಕೆ ಬಂದಿತ್ತು. ಶನಿವಾರ. ಸಂಜೆ ಸರಾಫ್ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. ಬೇಕಾಗಿದ್ದು ಇಪ್ಪತ್ತು ಗ್ರಾಂನ ಮೂರು ಬೆಳ್ಳಿ ನಾಣ್ಯ, ಅಷ್ಟೇ. ಮೊದಲ ಮೂರು ಅಂಗಡಿಯವರು ಬಾಗಿಲಲ್ಲೇ ಕೈ ಅಲ್ಲಾಡಿಸಿದರು. ನಾಲ್ಕನೆಯದು ನಾನು ಹನ್ನೆರಡು ವರ್ಷದಿಂದ ಹೋಗುವ ಅಂಗಡಿ. ಅಲ್ಲಿನ ಶೇಟ್‌ರು ಟ್ರೇ ಎತ್ತಿ ತೋರಿಸಿದರು. ಕೆಂಪು ಮಖಮಲ್ಲಿನ ಮೇಲೆ ದುಂಡನೆಯ ಗುಳಿಗಳಿದ್ದವು, ಒಂದರಲ್ಲೂ ನಾಣ್ಯ ಇರಲಿಲ್ಲ.

"ಮಾಲ ಇಲ್ರೀ ಸರ. ಚಮಚ ಅದಾವ, ದೀಪ ಅದಾವ, ಕಾಲುಂಗುರ ಅದಾವ. ನಾಣ್ಯ ಮಾತ್ರ ಕೇಳಬ್ಯಾಡ್ರಿ."

ನನಗೆ ಸಿಟ್ಟು ಬಂದದ್ದು ಈ ಮಾತಿಗೇ. ಬೆಳ್ಳಿ ಇದೆ, ನಾಣ್ಯ ಇಲ್ಲ! ಆಮೇಲೆ ಯೋಚಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಗಟ್ಟಿಯನ್ನು ಕರಗಿಸಬೇಕು, ತಗಡು ಮಾಡಬೇಕು, ಬಿಲ್ಲೆ ಕತ್ತರಿಸಬೇಕು, ಛಾಪು ಹೊಡೆಯಬೇಕು. ಜನ ಒಮ್ಮೆಲೇ ಮುಗಿಬಿದ್ದರೆ ಗಟ್ಟಿ ಸಿಕ್ಕರೂ ಬಿಲ್ಲೆ ಸಿಗುವುದಿಲ್ಲ. ಆ ವರ್ಷವಂತೂ ಗಟ್ಟಿಯೂ ಸಿಗುತ್ತಿರಲಿಲ್ಲ. ವರ್ಷದ ಶುರುವಿನಲ್ಲಿ ಕಿಲೋಗೆ 90 ಸಾವಿರದ ಆಸುಪಾಸು ಇದ್ದ ಬೆಳ್ಳಿ ಅಕ್ಟೋಬರ್ ಹೊತ್ತಿಗೆ ಒಂದೂವರೆ ಲಕ್ಷ ದಾಟಿ ಓಡುತ್ತಿತ್ತು. ಅಮೆರಿಕ ಸುಂಕ ಹಾಕಬಹುದೆಂಬ ಭಯಕ್ಕೆ ಲಂಡನ್ನಿನ ಗೋದಾಮುಗಳಿಂದ ಸಾಕಷ್ಟು ಬೆಳ್ಳಿ ಮೊದಲೇ ಅಲ್ಲಿಗೆ ಹೋಗಿಬಿಟ್ಟಿತ್ತು. ಅದೇ ಹೊತ್ತಿಗೆ ನಮ್ಮ ದೀಪಾವಳಿ. ಕೆಲವು ಮ್ಯೂಚುವಲ್ ಫಂಡ್‌ಗಳು ಬೆಳ್ಳಿ ಫಂಡಿಗೆ ಹೊಸದಾಗಿ ದೊಡ್ಡ ಮೊತ್ತ ತಗೊಳ್ಳುವುದನ್ನೇ ನಿಲ್ಲಿಸಿದ್ದವು. ನಮ್ಮ ಜಿಲ್ಲೆಯಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ಬೆಳ್ಳಿಗೆ ಮಾತ್ರ ಲಂಡನ್ ಕಡೆ ಬಾಯಿ ಬಿಟ್ಟು ನೋಡಬೇಕು.

ಅವತ್ತಿನಿಂದ ಒಂದೊಂದೇ ದಾರಿ ಹಿಡಿದು ನೋಡಿದೆ. ನಾನು ವ್ಯಾಪಾರಿ ಅಲ್ಲ. ನಾಣ್ಯ ಕೈಯಲ್ಲಿ ಹಿಡಿಯುವುದು ಇಷ್ಟ, ಕಷ್ಟಕ್ಕೆ ಬಂದರೆ ಮಾರಲೂ ಬರಬೇಕು. ಈ ಎರಡು ಆಸೆ ಇಟ್ಟುಕೊಂಡು ಹೋಲಿಸಿದ್ದೇನೆ.

ಮೊದಲು ನಮ್ಮ ಸರಾಫ್ ಅಂಗಡಿಯ ಲಕ್ಷ್ಮಿ ಛಾಪಿನ ನಾಣ್ಯ. ಕಣ್ಣೆದುರು ತೂಕ, ಕೈಗೆ ಬಿಲ್ಲು. ದರದ ಮೇಲೆ ಸ್ವಲ್ಪ ಕೂಲಿ, ಶೇಕಡಾ 3 ಜಿಎಸ್‌ಟಿ. ಸಣ್ಣ ನಾಣ್ಯಕ್ಕೆ ಗ್ರಾಂ ಲೆಕ್ಕದಲ್ಲಿ ಕೂಲಿ ಜಾಸ್ತಿ ಬೀಳುತ್ತದೆ, ಹಾಗಾಗಿ ಐದು ಗ್ರಾಂನ ಹತ್ತು ತಗೊಳ್ಳುವ ಬದಲು ಐವತ್ತರದ್ದು ಒಂದು ತಗೊಳ್ಳಿ. ಮಾರಲು ಹೋದರೆ ಅದೇ ಅಂಗಡಿಯವರು ಮಾತಿಲ್ಲದೆ ವಾಪಸ್ ತಗೊಳ್ಳುತ್ತಾರೆ. ತೊಂದರೆ ಇರುವುದು ಶುದ್ಧತೆಯಲ್ಲಿ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ನಾಣ್ಯವೊಂದು ನನ್ನ ಹತ್ತಿರ ಇತ್ತು, ಮೇಲೆ 999 ಅಂತ, ಅಂದರೆ ಸಾವಿರಕ್ಕೆ 999 ಪಾಲು ಬೆಳ್ಳಿ ಅಂತ, ದೊಡ್ಡದಾಗಿ ಛಾಪು. ಟಂಚ್, ಅಂದರೆ ಶುದ್ಧತೆ, ನೋಡುವ ಯಂತ್ರಕ್ಕೆ ಇಟ್ಟರೆ ನೂರಕ್ಕೆ 98ರ ಹತ್ತಿರ ಬಂತು. ಛಾಪು ಯಾರು ಬೇಕಾದರೂ ಹೊಡೆಯಬಹುದು ಅಲ್ವಾ? ಇನ್ನು ಹಬ್ಬದ ವಾರ ಇದು ಸಿಗುವುದೇ ಇಲ್ಲ. ಬೇಕಿದ್ದರೆ ಶ್ರಾವಣಕ್ಕಿಂತ ಮುಂಚೆಯೇ ಹೇಳಿಟ್ಟಿರಬೇಕು.

ಎರಡನೆಯದು ಚಿನ್ನ ಬೆಳ್ಳಿ ಶುದ್ಧ ಮಾಡುವ ದೊಡ್ಡ ರಿಫೈನರಿಗಳ ನಾಣ್ಯ. ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲಾಗಿ, ಮೇಲೆ ನಂಬರ್ ಹಾಕಿಕೊಂಡು ಬರುತ್ತವೆ. ಇದನ್ನು ಆನ್‌ಲೈನಿನಲ್ಲಿ ಹಿಡಿಯಲು ಮೂರು ವಾರ ಒದ್ದಾಡಿದೆ. ಬೆಳಿಗ್ಗೆ ನೋಡಿದರೆ ಸ್ಟಾಕ್ ಇಲ್ಲ, ಮಧ್ಯಾಹ್ನ ನೋಡಿದರೆ ಇಲ್ಲ. ಒಂದು ದಿನ ರಾತ್ರಿ ಹನ್ನೊಂದಕ್ಕೆ ಕಾಣಿಸಿತು. ಕಾರ್ಡ್ ನಂಬರ್ ಹಾಕಿ ಒಟಿಪಿ ಬರುವಷ್ಟರಲ್ಲಿ ಖಾಲಿ. ಬೆಂಗಳೂರಿನಲ್ಲಿರುವ ಸೋದರಮಾವನ ಮಗನಿಗೆ ಹೇಳಿದೆ. ಅವನು ಹತ್ತು ನಿಮಿಷದಲ್ಲಿ ಕೊತ್ತಂಬರಿ ತರಿಸುವ ಆ್ಯಪ್‌ನಲ್ಲಿ ಎರಡು ನಾಣ್ಯ ತರಿಸಿ, ಫೋಟೊ ಕಳಿಸಿ, ನಕ್ಕ. ನಮ್ಮ ಓಣಿಗೆ ಆ ಆ್ಯಪ್ ಕೊತ್ತಂಬರಿಯನ್ನೂ ತರುವುದಿಲ್ಲ.

ಕೊನೆಗೂ ನನಗೆ ಸಿಕ್ಕಿತು ಅನ್ನಿ. ಕೆಲಸ ಚೆಂದ, ಅನುಮಾನವೇ ಇಲ್ಲದ ಶುದ್ಧತೆ, ಕನ್ನಡಿಯಂಥ ಹೊಳಪು. ಆದರೆ ಸರಾಫರ ನಾಣ್ಯಕ್ಕಿಂತ ಕೊಟ್ಟದ್ದು ಜಾಸ್ತಿ. ಆ ಜಾಸ್ತಿ ದುಡ್ಡು ರಾಯಚೂರಿನಲ್ಲಿ ವಾಪಸ್ ಬರುತ್ತದೆಯೇ ಅಂತ ತಿಳಿಯಲು ಒಂದನ್ನು ಮಾರಲು ಹೋದೆ. ಕಾರ್ಡು, ನಂಬರು, ಸೀಲು, ಎಲ್ಲ ನೋಡಿದರು. ಆಮೇಲೆ ಅವತ್ತಿನ ಬೆಳ್ಳಿ ದರವನ್ನೇ ಹೇಳಿದರು. ಮಾರದೆ ವಾಪಸ್ ತಂದೆ.

ಮೂರನೆಯದು ಸರ್ಕಾರಿ ಟಂಕಸಾಲೆಯ ನಾಣ್ಯ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ನಾಲ್ಕೂ ಕಡೆಯ ಸ್ಮರಣಾರ್ಥ ನಾಣ್ಯಗಳು ಸಂಗ್ರಹಕ್ಕೆ ಒಳ್ಳೆಯವು, ಬೆಳ್ಳಿಗಾಗಿ ಕೊಳ್ಳುವಂಥವಲ್ಲ. 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಬಂದ 75 ರೂಪಾಯಿ ನಾಣ್ಯ 35 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತು. ಈಚೆಗೆ ಕೆಲವು ಶುದ್ಧ ಬೆಳ್ಳಿಯಲ್ಲೂ ಬಂದಿವೆ. ಬುಕಿಂಗ್ ಮಾಡಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದವರಿಗೆ ಇದು. ನನಗಿಲ್ಲ.

ನಾಲ್ಕನೆಯದು ವಿದೇಶಿ. ಇದಕ್ಕೆ ರೈಲು ಹತ್ತಿ ಹೈದರಾಬಾದಿಗೆ ಹೋದೆ. ಒಂದು ಅಮೆರಿಕದ ಸಿಲ್ವರ್ ಈಗಲ್, ಒಂದು ಕೆನಡಾದ ಮೇಪಲ್ ಲೀಫ್ ತಂದೆ. ಎರಡೂ ಒಂದೊಂದು ಔನ್ಸ್, ಅಂದರೆ 31.1 ಗ್ರಾಂ. ಈಗಲ್ 1986ರಿಂದ ಬರುತ್ತಿದೆ, ಮೇಪಲ್ 1988ರಿಂದ. ಈಗಲ್‌ನಲ್ಲಿ ಬೆಳ್ಳಿ 99.9, ಮೇಪಲ್‌ನಲ್ಲಿ 99.99. ಜನರ ಬೇಡಿಕೆ ತೀರುವಷ್ಟು ಈಗಲ್ ಹೊಡೆಯಬೇಕು ಅಂತ ಅಮೆರಿಕದ ಕಾನೂನಿನಲ್ಲೇ ಬರೆದಿದೆಯಂತೆ ಅಂತ ಅಂಗಡಿಯವರು ಹೇಳಿದಾಗ ನಾನು ನಂಬಲಿಲ್ಲ. ಮನೆಗೆ ಬಂದು ಓದಿದೆ, ನಿಜ. ಆದರೂ 2008ರಲ್ಲಿ ಮಾರಾಟ ನಿಂತಿತ್ತು, 2013ರ ಜನವರಿಯಲ್ಲಿ ಸ್ಟಾಕ್ ಮುಗಿದಿತ್ತು, 2021ರಲ್ಲಿ ಬಿಲ್ಲೆಗಳೇ ಸಾಲಲಿಲ್ಲ. ಅವರೂ ಬಿಲ್ಲೆಗಳನ್ನು ಹೊರಗಿನಿಂದಲೇ ಕೊಳ್ಳುತ್ತಾರೆ. ಅಲ್ಲಿನವರಿಗೂ ನಮ್ಮ ಗತಿಯೇ ಎಂದು ತಿಳಿದು ಒಂಥರಾ ಸಮಾಧಾನವಾಯಿತು.

ಮೇಪಲ್ ಎಲೆ ನೋಡಲು ಈಗಲ್‌ಗಿಂತ ಚೆಂದ. ಆದರೆ ಡಬ್ಬಿಯಲ್ಲಿಟ್ಟ ಕೆಲವು ವಾರಕ್ಕೆ ಹಿಂಬದಿಯಲ್ಲಿರುವ ಎಲಿಜಬೆತ್ ರಾಣಿಯ ಕೆನ್ನೆ ಮೇಲೆ ಬಿಳಿ ಚುಕ್ಕೆ ಎದ್ದಿತು, ಹಾಲು ಚಿಮುಕಿಸಿದ ಹಾಗೆ. ಹಳೆಯ ಮೇಪಲ್‌ಗಳಿಗೆ ಇದು ಹುಟ್ಟುರೋಗ. ಕೆನಡಾದವರು 2018ರಿಂದ ಇದಕ್ಕೊಂದು ಉಪಾಯ ಮಾಡಿದ್ದಾರೆ, ನನಗೆ ಸಿಕ್ಕಿದ್ದು ಅದಕ್ಕಿಂತ ಹಿಂದಿನದು. ಇನ್ನು ಈಗಲ್‌ನ ನಕಲುಗಳು ಬೇಕಾದಷ್ಟಿವೆ. ತೂಕ ಹೊಂದಿಸಿದರೆ ಗಾತ್ರ ತಪ್ಪುತ್ತದೆ, ಗಾತ್ರ ಹೊಂದಿಸಿದರೆ ತೂಕ ತಪ್ಪುತ್ತದೆ. ಅಡ್ಡಗಲ 40.6 ಮಿಲಿಮೀಟರ್, ದಪ್ಪ 3ಕ್ಕೆ ಕೂದಲೆಳೆ ಕಡಿಮೆ ಇರಬೇಕು. ಅಳತೆಯ ವರ್ನಿಯರ್ ಕ್ಯಾಲಿಪರ್ ಇಟ್ಟು ನೋಡಿಯೇ ದುಡ್ಡು ಕೊಡಿ.

ಈಗಲ್ ತಂದು ನಮ್ಮ ಶೇಟ್‌ರ ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ ತಿರುಗಿಸಿ ಮುರುಗಿಸಿ ನೋಡಿದರು.

"ಇದ್ಯಾವ ಹದ್ದ್ರೀ ಸರ?"

"ಅಮೆರಿಕಾದ್ದು. ಇದಕ್ಕ ಬ್ಯಾರೆನ ರೇಟ್ ಅದ."

"ಹದ್ದ ಇರವಲ್ದ್ಯಾಕ, ನವಿಲ ಇರವಲ್ದ್ಯಾಕ. ತಕ್ಕಡಿಗಿ ಗೊತ್ತಾಗಂಗಿಲ್ರಿ."

ವಿದೇಶಿ ನಾಣ್ಯದ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೆಳ್ಳಿ ದರದ ಮೇಲೆ ಮೂರನೇ ಒಂದು ಭಾಗದಷ್ಟು ಹೆಚ್ಚಿಗೆ ಕೊಟ್ಟು ತಂದಿದ್ದೆ. ಅದನ್ನು ವಾಪಸ್ ಪಡೆಯಬೇಕೆಂದರೆ ಮತ್ತೆ ಹೈದರಾಬಾದಿಗೇ ರೈಲು ಹತ್ತಬೇಕು. ಕಪಾಟಿನಲ್ಲಿಟ್ಟು ಆಗಾಗ ನೋಡುವುದಕ್ಕೆ ಒಂದು ಸಾಕು.

ಇನ್ನು ಐದನೆಯದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಇದು: ಹಳೆಯ ಬೆಳ್ಳಿ ರೂಪಾಯಿ.

ರಾಯಚೂರು 1948ರವರೆಗೆ ನಿಜಾಮರದು. ತುಂಗಭದ್ರೆ ದಾಟಿ ಬಳ್ಳಾರಿಗೆ ಹೋದರೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಹಾಗಾಗಿ ನಮ್ಮ ಸರಾಫ್ ಬಜಾರಿಗೆ ಎರಡು ತರದ ರೂಪಾಯಿ ಬರುತ್ತವೆ. ಹಳಬರು ನಿಜಾಮರದ್ದಕ್ಕೆ ಹಾಲಿ ಸಿಕ್ಕಾ ಅನ್ನುತ್ತಿದ್ದರು, ಬ್ರಿಟಿಷರದ್ದಕ್ಕೆ ಕಲ್ದಾರ್. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್, ಹೆಚ್ಚುಕಡಿಮೆ ಅದೇ ಲೆಕ್ಕ. ಕಲ್ದಾರ್ 11.66 ಗ್ರಾಂ, ಅಂದರೆ ಸರಿಯಾಗಿ ಹಳೆಯ ಒಂದು ತೊಲ. ಬೆಳ್ಳಿ ಶೇಕಡಾ 91.7, ಅಂದರೆ ಒಳಗೆ 10.69 ಗ್ರಾಂ ಶುದ್ಧ ಬೆಳ್ಳಿ. ನಿಜಾಮರ ರೂಪಾಯಿ 11.18 ಗ್ರಾಂ, ಬೆಳ್ಳಿ 81.8. ಒಳಗಿರುವುದು 9 ಗ್ರಾಂ ಚಿಲ್ಲರೆ. 1940ರಿಂದ 45ರವರೆಗಿನ ಬ್ರಿಟಿಷ್ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, 5.83 ಗ್ರಾಂ. 1947ರದ್ದು ಬರೀ ನಿಕ್ಕಲ್, ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟುತ್ತದೆ.

ಈ ನಾಲ್ಕು ಅಂಕಿ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಲ್ಲವನ್ನೂ "ಬೆಳ್ಳಿ ರೂಪಾಯಿ" ಅಂತ ಒಂದೇ ಡಬ್ಬಿಗೆ ಹಾಕಿರುತ್ತಾರೆ. ಇಸವಿ ಸವೆದಿದ್ದರೆ ಅಂಚು ನೋಡಿ. ಯುದ್ಧಕಾಲದ ರೂಪಾಯಿಯ ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ಗೀರು ಇರುತ್ತದೆ. ಹಳೆಯದರಲ್ಲಿ ಬರೀ ಹಲ್ಲು.

ನಿಜಾಮರ ಚಾರ್‌ಮಿನಾರ್ ರೂಪಾಯಿಯಲ್ಲಿ ಇನ್ನೊಂದು ಮಜಾ ಇದೆ. ಚಾರ್‌ಮಿನಾರಿನ ಬಾಗಿಲೊಳಗೆ ಉರ್ದುವಿನ ಒಂದೇ ಒಂದು ಅಕ್ಷರ. 'ಮೀಮ್' ಇದ್ದರೆ ಮೆಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನರದ್ದು. ಭೂತಗನ್ನಡಿ ಹಿಡಿದು ಆ ಬಾಗಿಲೊಳಗೆ ಇಣುಕುವಾಗ ಸಿಗುವ ಖುಷಿ ಪ್ಲಾಸ್ಟಿಕ್ ಕಾರ್ಡಿನ ನಾಣ್ಯದಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ. ಬ್ರಿಟಿಷರದ್ದರಲ್ಲಿ 1911ರ ಐದನೇ ಜಾರ್ಜ್ ರೂಪಾಯಿ ಹುಡುಕುವವರು ಬಹಳ. ರಾಜನ ಎದೆ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಮುಂದಿನ ವರ್ಷ ಚಿತ್ರ ತಿದ್ದಿದರು. ನನಗಿನ್ನೂ ಸಿಕ್ಕಿಲ್ಲ. 1818 ಎಂದು ಬರೆದ ಹನುಮಂತನ, ರಾಮನ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ತೋರಿಸಿ ಲಕ್ಷ ಕೇಳುವವರು ಬಂದರೆ ಚಹಾ ಕುಡಿಸಿ ಕಳಿಸಿ. ಕಂಪನಿಯವರು ಅಂಥದ್ದನ್ನು ಹೊಡೆದೇ ಇಲ್ಲ.

ಇದರಲ್ಲೂ ತಾಪತ್ರಯ ಇದೆ. ಬಂದದ್ದರಲ್ಲಿ ಅರ್ಧಕ್ಕೆ ಕುಣಿಕೆ ಬೆಸೆದ ಗುರುತು. ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕೊರಳಲ್ಲಿದ್ದ ರೂಪಾಯಿಗಳವು. ಸಂಗ್ರಹ ಮಾಡುವವರು ಇವನ್ನು ಮುಟ್ಟುವುದಿಲ್ಲ. ನಾನು ಮುಟ್ಟುತ್ತೇನೆ, ತೂಕಕ್ಕೆ ಸಿಕ್ಕರೆ. ಸವೆದ ನಾಣ್ಯ 11.4ಕ್ಕೂ ಇಳಿದಿರುತ್ತದೆ, ಹಾಗಾಗಿ ಎಣಿಸಿ ಕೊಳ್ಳಬೇಡಿ, ತೂಗಿ ಕೊಳ್ಳಿ. ಮೊದಲ ಸಲ ಶೇಟ್‌ರು ಪೂರ್ತಿ ತೂಕಕ್ಕೆ ಶುದ್ಧ ಬೆಳ್ಳಿಯ ದರ ಹಾಕಿದ್ದರು. ಚೀಟಿ ತೆಗೆದು 91.7 ತೋರಿಸಿದೆ. ನಕ್ಕು ಕ್ಯಾಲ್ಕುಲೇಟರ್ ನನ್ನ ಕಡೆ ತಳ್ಳಿದರು. ನಾಣ್ಯ ಅಂತ ಮೇಲೆ ಸ್ವಲ್ಪ ಹಿಡಿದರೂ ಈಗಲ್‌ನ ಹತ್ತಿರಕ್ಕೂ ಹೋಗಲಿಲ್ಲ. ಮಾರುವಾಗಲೂ ಇದೇ ಲೆಕ್ಕ, ಇದೇ ಅಂಗಡಿ.

ಇನ್ನೊಂದು ತಾಪತ್ರಯ ಮನೆಯೊಳಗಿನದು. 1901ರ ವಿಕ್ಟೋರಿಯಾ ರೂಪಾಯಿಯೊಂದು ಕಪ್ಪು ನೀಲಿ ಬಣ್ಣಕ್ಕೆ ತಿರುಗಿ ಎಷ್ಟು ಚೆಂದ ಇತ್ತು. ನೂರು ವರ್ಷದ ಬಣ್ಣ ಅದು. ಊರಿಂದ ಬಂದ ಅವ್ವ "ಎಷ್ಟ್ ಹೊಲಸಾಗ್ಯಾವಪ್ಪ" ಅಂತ ಆರೂ ನಾಣ್ಯಕ್ಕೆ ವಿಭೂತಿ ಹಚ್ಚಿ ತಿಕ್ಕಿ, ಫಳಫಳ ಮಾಡಿ ದೇವರ ಜಗಲಿ ಮೇಲೆ ಇಟ್ಟಿದ್ದಳು. ಅವಳಿಗೆ ಏನಂತ ಹೇಳುವುದು?

ಈಗ ನನ್ನ ಲೆಕ್ಕ ಇಷ್ಟು. ಉಳಿತಾಯಕ್ಕೆ ಶೇಟ್‌ರ ಐವತ್ತು ಗ್ರಾಂ ನಾಣ್ಯ, ಹಬ್ಬ ಇಲ್ಲದ ತಿಂಗಳಲ್ಲಿ, ಟಂಚ್ ನೋಡಿಸಿ. ಯಾರಿಗಾದರೂ ಕೊಡುವುದಿದ್ದರೆ ಕಾರ್ಡಿನ ನಾಣ್ಯ. ಉಳಿದ ದುಡ್ಡೆಲ್ಲ ಹಳೆ ರೂಪಾಯಿಗೆ. ಅದಕ್ಕೆ ಸ್ಟಾಕ್ ಇಲ್ಲ ಅನ್ನುವ ಮಾತು ಬರುವುದಿಲ್ಲ ಅಂದುಕೊಂಡಿದ್ದೆ.

ಧನುರ್ಮಾಸದಲ್ಲಿ ಒಂದು ಮಧ್ಯಾಹ್ನ ಶೇಟ್‌ರ ಫೋನ್ ಬಂತು. "ಭಟ್ಟಿ ಹಚ್ಚೀವ್ರಿ ಸರ, ಲಗೂ ಬರ್ರಿ." ಮದುವೆ ಇಲ್ಲದ ತಿಂಗಳು, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ದರ ಏರಿದ್ದಕ್ಕೆ ಜನ ಹಳೆ ಬೆಳ್ಳಿ ತಂದು ಹಾಕುತ್ತಿದ್ದರು. ಹಿಂದಿನ ಕೋಣೆಯಲ್ಲಿ ಮುರಿದ ಕಾಲ್ಗೆಜ್ಜೆ, ಸೊಟ್ಟಾದ ಬಟ್ಟಲು, ಅವುಗಳ ಪಕ್ಕದಲ್ಲಿ ಬಟ್ಟೆಯ ಮೇಲೆ ನಲವತ್ತರಷ್ಟು ರೂಪಾಯಿ. ಹುಡುಗ ಇಕ್ಕಳ ಹಿಡಿದು ಕಾಯುತ್ತಿದ್ದ. ನನ್ನ ಕೈಯಲ್ಲಿದ್ದ ದುಡ್ಡಿಗೆ ಒಂಬತ್ತು ಆರಿಸಿಕೊಂಡೆ. ಅದರಲ್ಲಿ ಒಂದರ ಬಾಗಿಲೊಳಗೆ 'ಮೀಮ್' ಇತ್ತು.

"ಉಳಿದವು?" ಅಂದೆ.

"ದೀಪಾವಳಿಗಿ ಲಕ್ಷ್ಮಿ ಆಗ್ತಾವ್ರಿ," ಅಂದು ಶೇಟ್‌ರು ಬಟ್ಟೆಯ ನಾಲ್ಕೂ ಚುಂಗು ಹಿಡಿದು ಹುಡುಗನ ಕೈಗೆ ಕೊಟ್ಟರು.