ಚಿಪ್ಪು ಅಣಬೆ ಬ್ಯಾಗಿಗೆ ಭತ್ತದ ಹುಲ್ಲಿನ ರೋಲ್: ಕೆಲವು ವರ್ಷ ಬಳಸಿದ ಮೇಲೆ

5ಕ್ಕೆ 4 ಸ್ಟಾರ್.

ನಮ್ಮದು ಆಲೂರು ಕಡೆ, ಮನೆ ಹಿಂದೆ ಶೆಡ್ ಹಾಕಿ, ಭತ್ತದ ಹುಲ್ಲು ತುಂಬಿದ ಪ್ಲಾಸ್ಟಿಕ್ ಬ್ಯಾಗಲ್ಲಿ ಚಿಪ್ಪು ಅಣಬೆ ಬೆಳೀತೀವಿ, ಹಾಸನದ ಅಂಗಡಿಗಳಿಗೂ ಸಕಲೇಶಪುರದ ಹೋಂಸ್ಟೇಗಳಿಗೂ ಕೊಡ್ತೀವಿ. ನೋಡೋಕೆ ಬಂದವರೆಲ್ಲ ಮೊದಲು ಕೇಳೋದು ಬೀಜ ಎಲ್ಲಿಂದ ತರ್ತೀರಾ ಅಂತ, ಹುಲ್ಲು ಎಲ್ಲಿಂದ ಅಂತ ಯಾರೂ ಕೇಳಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಒಳ್ಳೆ ಬೀಜ ತಂದ್ರೂ ಹುಲ್ಲು ಹಳೇದಾಗಿದ್ರೆ ಬ್ಯಾಗ್ ಕೈ ಕೊಡುತ್ತೆ ಕಣ್ರೀ, ಅದಕ್ಕೇ ಹುಲ್ಲಿನ ಬಗ್ಗೆನೇ ಬರೀತಿದೀನಿ.

ನಾವು ತಗೊಳ್ಳೋದು ಹೊಳೆನರಸೀಪುರ ಕಡೆ ಹೇಮಾವತಿ ನಾಲೆ ಗದ್ದೆಗಳ ಹುಲ್ಲು, ಮಿಷನ್ ಕಟಾವು ಆದ್ಮೇಲೆ ಬೇಲರ್‌ನಲ್ಲಿ ಸುತ್ತಿದ ರೋಲ್. ಮಿಷನ್ನಲ್ಲಿ ಜಜ್ಜಿ ಬಂದಿರೋದ್ರಿಂದ ನೀರು ಬೇಗ ಹೀರುತ್ತೆ, ಆದ್ರೂ ಕಡ್ಡಿ ಟೊಳ್ಳು ಇರೋದ್ರಿಂದ ಬ್ಯಾಗ್ ಒಳಗೆ ಗಾಳಿ ಆಡುತ್ತೆ, ಅಣಬೆ ಎಳೆ ಹಬ್ಬೋಕೆ ಬೇಕಾಗಿರೋದೂ ಅದೇ. ಎರಡು ಇಂಚಿಗೆ ಕಟ್ ಮಾಡಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 80 ಡಿಗ್ರಿ ಬಿಸಿನೀರಲ್ಲಿ ಗಂಟೆ ಹೊತ್ತು ಇಟ್ಟು, ನೀರು ಬಸಿದು ಆರಿಸ್ತೀವಿ. ಮುಷ್ಟಿಲಿ ಗಟ್ಟಿಯಾಗಿ ಹಿಂಡಿದ್ರೆ ಒಂದೋ ಎರಡೋ ಹನಿ ಬೀಳ್ಬೇಕು ಅಷ್ಟೇ, ಧಾರೆ ಇಳಿದ್ರೆ ಇನ್ನೂ ಆರಬೇಕು ಅಂತ ಅರ್ಥ. ಹಿಂಗೆ ಆರಿಸಿದ ಹುಲ್ಲನ್ನ ಬೀಜದ ಜೊತೆ ಬ್ಯಾಗಿಗೆ ತುಂಬಿದ್ರೆ 15-20 ದಿನಕ್ಕೆ ಎಳೆ ಹಬ್ಬಿ ಬ್ಯಾಗ್ ಪೂರ್ತಿ ಬೆಳ್ಳಗಾಗುತ್ತೆ, ಕೆಜಿ ಒಣ ಹುಲ್ಲಿಗೆ ಮೂರು ಕೊಯ್ಲೂ ಸೇರಿ ಮುಕ್ಕಾಲು ಕೆಜಿ ಆಸುಪಾಸು ಸಿಗುತ್ತೆ, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿನೇ.

ಬೇರೆದೂ ಹಾಕಿ ನೋಡಿದೀವಿ. ಕಾಫಿ ಹೊಟ್ಟು ನಮ್ಮ ಕಡೆ ಅಗ್ಗಕ್ಕೆ ಸಿಗುತ್ತೆ ಅಂತ ಎಲ್ಲರಿಗೂ ಆಸೆ, ಆದ್ರೆ ಬರೀ ಅದನ್ನೇ ತುಂಬಿದ್ರೆ ಪುಡಿ ಒತ್ಕೊಂಡು ಗಾಳಿ ಹೋಗಲ್ಲ, ಬ್ಯಾಗ್ ತಳದಲ್ಲಿ ನೀರು ನಿಂತು ಹುಳಿ ವಾಸನೆ ಬರುತ್ತೆ, ಜೊತೆಗೆ ಅದ್ರಲ್ಲಿರೋ ಕೆಫೀನು ಟ್ಯಾನಿನ್ನಿಂದ ಎಳೆ ಓಡೋದೂ ನಿಧಾನ. ಕಾಲು ಭಾಗ ಹೊಟ್ಟು ಮುಕ್ಕಾಲು ಭಾಗ ಹುಲ್ಲು ಆದ್ರೆ ಚೆನ್ನಾಗಿ ಬರುತ್ತೆ. ರಾಗಿ ಹುಲ್ಲಲ್ಲೂ ಬರುತ್ತೆ, ಆದ್ರೆ ಅದು ದನಕ್ಕೇ ಸಾಲಲ್ಲ. ಜೋಳದ ಬೆಂಡು ಒಡೆಯೋದೇ ಕೆಲಸ. ಅಡಿಕೆ ಹಾಳೆ ಮಾತ್ರ ನನಗೆ ತುಂಬಾ ಹಿಡಿಸ್ತು, ತೋಟ ಇರೋರು ಸಣ್ಣಗೆ ಕತ್ತರಿಸಿ ಖಂಡಿತ ಹಾಕಿ ನೋಡಿ.

ಇಳುವರಿ ಜಾಸ್ತಿ ಆಗ್ಲಿ ಅಂತ ಗೋಧಿ ಬೂಸಾ ಸೇರಿಸೋರಿದಾರೆ, ಜಾಸ್ತಿ ಆಗೋದೂ ನಿಜ, ಸಾರಜನಕ ಸಿಗುತ್ತಲ್ಲ. ಆದ್ರೆ ಬ್ಯಾಗ್ ಒಳಗೆ ಬಿಸಿ ಏರುತ್ತೆ, ಹಸಿರು ಬೂಸ್ಟು ಅಂದ್ರೆ ಟ್ರೈಕೋಡರ್ಮಾ ಅದಕ್ಕೇ ಕಾಯ್ತಿರುತ್ತೆ. ಬಿಸಿನೀರಲ್ಲಿ ಮಾತ್ರ ಶುದ್ಧ ಮಾಡೋ ನಮ್ಮಂಥವರಿಗೆ ಅದು ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಯಾಕಂದ್ರೆ ರೋಲ್ ಒಳಗೆ ಏನಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಒಂದು ಸಲ ಬಂದ ಲೋಡು ಮೇಲೆಲ್ಲ ಹೊಂಬಣ್ಣ, ಬಿಚ್ಚಿದ್ರೆ ನಡುವೆ ಹಲಗೆ ಥರ ಅಂಟ್ಕೊಂಡು ಕಪ್ಪಗಾಗಿತ್ತು, ಕೊಡವಿದ್ರೆ ಬೂದಿ ಬಣ್ಣದ ಪುಡಿ ಹಾರ್ತಿತ್ತು, ಗದ್ದೇಲಿ ಮಳೆಗೆ ನೆನೆದಿದ್ದನ್ನ ಒಣಗಿಸ್ದೇ ಸುತ್ತಿದಾರೆ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅದ್ರಲ್ಲೇ ಚೆನ್ನಾಗಿದ್ದಿದ್ದನ್ನ ಆರಿಸಿ ತುಂಬಿದ ಬ್ಯಾಗಲ್ಲೂ ಉದ್ದ ಕಾಲಿನ ನಾಯಿಕೊಡೆ ಎದ್ದು, ಒಂದೇ ದಿನಕ್ಕೆ ಕರಗಿ ಇಂಕ್ ಥರ ಕಪ್ಪು ನೀರು ಸುರೀತು. ಈಗ ಗಾಡಿಯಿಂದ ಇಳಿಸೋ ಮುಂಚೆ ರೋಲ್ ನಡುವಿಗೆ ಮೊಣಕೈವರೆಗೂ ಕೈ ತೂರಿಸ್ತೀನಿ, ಬೆಚ್ಚಗಿದ್ರೆ ಇಲ್ಲಾ ಮುಗ್ಗಲು ವಾಸನೆ ಬಂದ್ರೆ ಗಾಡಿ ವಾಪಸ್.

ತಗೊಳ್ಳೋರು ಜನವರಿಲಿ ಕಟಾವು ಮುಗಿದ ಕೂಡ್ಲೇ ವರ್ಷಕ್ಕಾಗೋಷ್ಟು ತಗೊಂಡ್ಬಿಡಿ, ನೆಲಕ್ಕೆ ತಾಗದಂಗೆ ಮರದ ಹಲಗೆ ಮೇಲೆ ಜೋಡಿಸಿ ಟಾರ್ಪಾಲ್ ಹೊದಿಸಿ, ಜೂನಲ್ಲಿ ಮಳೆ ಹಿಡೀತು ಅಂದ್ರೆ ಆಲೂರು ಸಕಲೇಶಪುರ ಕಡೆ ಒಣ ಹುಲ್ಲು ದುಡ್ಡು ಕೊಟ್ರೂ ಸಿಗಲ್ಲ.